ಪ್ರಕಾಶಕರ ಹೆಸರು, ಪ್ರೋಗ್ರಾಮಿಂಗ್ ಓದುಗ: ಪಿಂಪ್ರಿ-ಚಿಂಚವಾಡದ ನೆಲೆಯಿಂದ

ಪ್ರೋಗ್ರಾಮಿಂಗ್ ಪುಸ್ತಕ ಕೊಳ್ಳುವವನಿಗೆ ಒಂದು ವಿಚಿತ್ರ ಸಂಕಟವಿದೆ. ಪುಸ್ತಕ ಚೆನ್ನಾಗಿದೆಯೇ ಎಂದು ಹೇಳಬೇಕಾದರೆ ವಿಷಯ ಗೊತ್ತಿರಬೇಕು; ವಿಷಯ ಗೊತ್ತಿದ್ದರೆ ಆ ಪುಸ್ತಕವೇ ಬೇಕಿಲ್ಲ. ಕಾದಂಬರಿಯನ್ನು ಅಂಗಡಿಯಲ್ಲಿ ನಿಂತೇ ನಾಲ್ಕು ಪುಟ ಓದಿ ಅಳೆಯಬಹುದು. ಪಾಯಿಂಟರ್ ಕುರಿತ ಅಧ್ಯಾಯವನ್ನು ಹೊಸಬ ಹಾಗೆ ಅಳೆಯಲಾರ. ಆದ್ದರಿಂದ ಅವನು ಪ್ರಕಾಶಕರ ಹೆಸರನ್ನು ನಂಬುತ್ತಾನೆ. ಆ ಹೆಸರು ಯಾವುದಕ್ಕೆ ಜಾಮೀನು ನಿಲ್ಲುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಪಿಂಪ್ರಿ-ಚಿಂಚವಾಡದಲ್ಲಿ ಅದಕ್ಕೆ ಎರಡು ಉತ್ತರಗಳಿವೆ. ಎರಡನ್ನೂ ಕೊಡುವವನು ಒಬ್ಬನೇ ಓದುಗ, ಕೆಲವೇ ವರ್ಷಗಳ ಅಂತರದಲ್ಲಿ.

ಟಾಟಾದವರ ಟೆಲ್ಕೊದಂಥ ಕಾರ್ಖಾನೆಗಳ ಊರಾಗಿ ಬೆಳೆದ ಈ ನಗರಕ್ಕೆ ಆಮೇಲೆ ಎಂಜಿನಿಯರಿಂಗ್ ಕಾಲೇಜುಗಳು ಬಂದವು; ಮಗ್ಗುಲಲ್ಲೇ ಹಿಂಜವಡಿಯ ಐಟಿ ಪಾರ್ಕ್ ಎದ್ದಿತು. ನಿಗಡಿ, ಆಕುರ್ಡಿಗಳ ವಿದ್ಯಾರ್ಥಿಗೆ ಲೋಣಾವಳದ ಕಡೆಯಿಂದ ಬರುವ ಲೋಕಲ್ ಹತ್ತಿ ಶಿವಾಜಿನಗರದಲ್ಲಿಳಿದರೆ ಪುಣೆಯ ಪುಸ್ತಕಪೇಟೆಯಾದ ಅಪ್ಪಾ ಬಳವಂತ ಚೌಕ ದೂರವಿಲ್ಲ. ಎಲ್ಲರ ಬಾಯಲ್ಲೂ ಅದು ‘ಎಬಿಸಿ’. ಅಲ್ಲಿ ಸಿಗುವ ಕಂಪ್ಯೂಟರ್ ಪುಸ್ತಕಗಳಲ್ಲಿ ಪುಣೆಯವೇ ಆದ ನಿರಾಲಿ ಪ್ರಕಾಶನ, ಟೆಕ್ನಿಕಲ್ ಪಬ್ಲಿಕೇಶನ್ಸ್, ಟೆಕ್‌ಮ್ಯಾಕ್ಸ್ ಸಂಸ್ಥೆಗಳವು ಸಾಕಷ್ಟು. ಅಧ್ಯಾಯಗಳು ವಿಶ್ವವಿದ್ಯಾಲಯದ ಯೂನಿಟ್‌ಗಳ ಕ್ರಮದಲ್ಲೇ ಇರುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳ ಪ್ರಶ್ನೆಗಳು ಅಲ್ಲಲ್ಲೇ ಬರುತ್ತವೆ. ಇವುಗಳ ಹೆಸರು ಭರವಸೆ ಕೊಡುವುದು ಇಷ್ಟೇ: ಪಠ್ಯಕ್ರಮದ ಯಾವ ಭಾಗವೂ ಬಿಟ್ಟುಹೋಗಿಲ್ಲ. ವಿದ್ವಾಂಸರು ಇಂಥ ಪುಸ್ತಕಗಳನ್ನು ‘ಗೈಡ್’ ಎಂದು ಮೂಗು ಮುರಿಯುವುದುಂಟು. ನನಗೆ ಆ ತಿರಸ್ಕಾರ ಸರಿ ಕಾಣುವುದಿಲ್ಲ. ಓದುಗ ಕೇಳಿದ ಭರವಸೆಯನ್ನೇ ಪ್ರಕಾಶಕ ಕೊಟ್ಟಿದ್ದಾನೆ.

ಈ ಖ್ಯಾತಿ ಪುಣೆಗೆ ಸೀಮಿತವಾಗಲಿಲ್ಲ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಸ್ಥಾಪನೆಯಾಗಿ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ ಬಂದಾಗ ದೊಡ್ಡದೊಂದು ಮಾರುಕಟ್ಟೆ ಹುಟ್ಟಿತು. ಟೆಕ್ನಿಕಲ್ ಪಬ್ಲಿಕೇಶನ್ಸ್ ವಿಟಿಯುಗೆಂದೇ ಬೇರೆ ಆವೃತ್ತಿಗಳನ್ನು ತಂದಿತು. ಪುಣೆಯಲ್ಲಿ ಅಚ್ಚಾದ ಪುಸ್ತಕ ಹೆದ್ದಾರಿ ಹಿಡಿದು ಬೆಳಗಾವಿ, ಹುಬ್ಬಳ್ಳಿಗೆ ಹೋಯಿತು. ಅದನ್ನು ಓದಿ ಪಾಸಾದ ಹುಡುಗರಲ್ಲಿ ಕೆಲವರು ಅದೇ ಹೆದ್ದಾರಿಯಲ್ಲಿ ಹಿಂಜವಡಿಯ ಕೆಲಸಕ್ಕೆ ಬಂದು ವಾಕಡ್, ಚಿಂಚವಾಡಗಳಲ್ಲಿ ಬಾಡಿಗೆ ಮನೆ ಹಿಡಿದರು.

ಇದಕ್ಕೂ ಹಳೆಯ ಪದರವೊಂದಿದೆ: ದಿಲ್ಲಿಯ ಪ್ರಕಾಶಕರದು. ಬಿಪಿಬಿ 1958ರದು, ಪ್ರೆಂಟಿಸ್-ಹಾಲ್ ಆಫ್ ಇಂಡಿಯಾ 1963ರದು, ಟಾಟಾ ಮೆಕ್‌ಗ್ರಾ-ಹಿಲ್ 1970ರದು. ಕರ್ನಿಹ್ಯಾನ್ ಮತ್ತು ರಿಚಿಯವರ ಸಿ ಭಾಷೆಯ ಪುಸ್ತಕ (1978; ಎರಡನೆಯ ಆವೃತ್ತಿ 1988) ಇಲ್ಲಿನ ಕೈಗೆಟುಕಿದ್ದು ಪ್ರೆಂಟಿಸ್-ಹಾಲ್‌ನ ಅಗ್ಗದ ಭಾರತೀಯ ಮುದ್ರಣದಿಂದ. ನಾಗಪುರದ ಯಶವಂತ ಕಾನೇಟ್ಕರ್ ಅವರ ‘ಲೆಟ್ ಅಸ್ ಸಿ’ ಬಿಪಿಬಿಯ ಹೆಸರನ್ನು ಹಾಸ್ಟೆಲ್ ಹಾಸ್ಟೆಲ್‌ಗೂ ಒಯ್ದಿತು. ಇ. ಬಾಲಗುರುಸ್ವಾಮಿಯವರ ಪುಸ್ತಕಗಳೂ ಬೆಂಗಳೂರಿನ ಕೆ.ಆರ್. ವೇಣುಗೋಪಾಲ್ ಮತ್ತು ಸಂಗಡಿಗರ ‘ಮಾಸ್ಟರಿಂಗ್ ಸಿ++’ (1997) ಕೃತಿಯೂ ಟಾಟಾ ಮೆಕ್‌ಗ್ರಾ-ಹಿಲ್‌ನವು. ಟಾಟಾ ಕಾರ್ಖಾನೆಯ ಸೈರನ್‌ಗೆ ಗಡಿಯಾರ ಹೊಂದಿಸಿಕೊಂಡಿದ್ದ ಊರಿನಲ್ಲಿ ಪುಸ್ತಕದ ಮೇಲಿನ ‘ಟಾಟಾ’ ಎಂಬ ಎರಡಕ್ಷರ ಅಪ್ಪಂದಿರಿಗೂ ಧೈರ್ಯ ಕೊಟ್ಟಿರಬೇಕು ಎಂಬುದು ನನ್ನ ಊಹೆ. 2013ರಲ್ಲಿ ಟಾಟಾದವರ ಪಾಲನ್ನು ಮೆಕ್‌ಗ್ರಾ-ಹಿಲ್ ಕೊಂಡಿತು, ಆ ಎರಡಕ್ಷರ ಮುಖಪುಟದಿಂದ ಇಳಿಯಿತು. ಬಾಲಗುರುಸ್ವಾಮಿಯವರ ಪುಸ್ತಕ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಲೇಖಕರ ಹೆಸರೇ ಸಂಸ್ಥೆಯ ಹೆಸರಿಗಿಂತ ದೊಡ್ಡದಾಗಿತ್ತು.

ಆಫೀಸಿನ ಕಪಾಟಿಗೆ ಬಂದರೆ ಅಳತೆಗೋಲೇ ಬದಲಾಗುತ್ತದೆ. ಅಲ್ಲಿ ನಂಬಿಕೆ ಗಳಿಸಿದ್ದು ಅಮೆರಿಕದ ಪ್ರಕಾಶನಸಂಸ್ಥೆ ಓರೈಲಿ. ವಿನ್ಯಾಸಕಿ ಈಡೀ ಫ್ರೀಡ್‌ಮನ್ ಆರಿಸಿದ ಹಳೆಯ ಪ್ರಾಣಿಚಿತ್ರಗಳ ಮುಖಪುಟ ಎಷ್ಟು ನಾಟಿತೆಂದರೆ ಪರ್ಲ್ ಭಾಷೆಯ ಪುಸ್ತಕ ‘ಒಂಟೆ ಪುಸ್ತಕ’ವೇ ಆಯಿತು. ನಮ್ಮಲ್ಲಿ ಶ್ರಾಫ್ ಪಬ್ಲಿಷರ್ಸ್ ಮಾಡಿದ ಮರುಮುದ್ರಣಗಳ ಮೂಲಕ ಓರೈಲಿ ಪುಸ್ತಕಗಳು ಭಾರತದ ಬೆಲೆಗೆ ಸಿಕ್ಕವು. ಈ ಹೆಸರಿನ ಹಿಂದೆ ನಿಂತಿದ್ದು ತಾಂತ್ರಿಕ ಪರಿಶೀಲನೆ ಮತ್ತು ತಪ್ಪೊಪ್ಪೋಲೆ: ಅಚ್ಚಿಗೆ ಮುಂಚೆ ಕೋಡನ್ನು ಬೇರೆಯವರು ನೋಡುವುದು, ಅಚ್ಚಾದ ಮೇಲೆ ತಪ್ಪುಗಳನ್ನು ಪ್ರಕಟಿಸುವುದು.

ಖ್ಯಾತಿಯನ್ನು ಮಾರಲೂಬಹುದು ಎಂಬುದಕ್ಕೆ ಈ ಕ್ಷೇತ್ರದಲ್ಲಿ ಸಾಕ್ಷ್ಯ ಹೇರಳ. ಕೆಂಪು ರಕ್ಷಾಪುಟದ ಮೇಲೆ ಲೇಖಕರ ಫೋಟೊ ಹಾಕುತ್ತಿದ್ದ ಬರ್ಮಿಂಗ್‌ಹ್ಯಾಮ್‌ನ ವ್ರಾಕ್ಸ್ 2003ರಲ್ಲಿ ಮುಳುಗಿತು. ಹೆಸರನ್ನು ವೈಲಿ ಕೊಂಡಿತು, ಕೆಂಪು ಪುಸ್ತಕಗಳು ಮತ್ತೆ ಬಂದವು. ಇನ್ನೂ ಕುತೂಹಲದ್ದು ‘ಬ್ಲ್ಯಾಕ್ ಬುಕ್’. ಅಮೆರಿಕದ ಕೊರಿಯೊಲಿಸ್ ಆರಂಭಿಸಿದ ಮಾಲೆಯದು. ಆ ಸಂಸ್ಥೆ ಮುಚ್ಚಿದ ಮೇಲೂ ದಿಲ್ಲಿಯ ಡ್ರೀಮ್‌ಟೆಕ್ ಅದೇ ಹೆಸರಿನಲ್ಲಿ ದಪ್ಪ ದಪ್ಪ ಸಂಪುಟ ಹೊರಡಿಸಿತು. ಕೆಲವುದರಲ್ಲಿ ಲೇಖಕರ ಜಾಗದಲ್ಲಿ ವ್ಯಕ್ತಿಯೇ ಇಲ್ಲ, ಕೋಜೆಂಟ್ ಎಂಬ ಕಂಪನಿಯ ಹೆಸರಿದೆ. ಬರೆದವರಾರೆಂದು ತಿಳಿಯದಿದ್ದರೂ ಪುಸ್ತಕ ಖರ್ಚಾಯಿತು. ಪ್ರಕಾಶಕರ ಹೆಸರು ಲೇಖಕನನ್ನು ಇಷ್ಟು ಪೂರ್ತಿಯಾಗಿ ಬದಿಗೊತ್ತಿದ ಉದಾಹರಣೆ ಬೇರೆ ವಿದ್ಯಾಕ್ಷೇತ್ರಗಳಲ್ಲಿ ವಿರಳ.

ಎರಡು ಬಗೆಯ ಖ್ಯಾತಿಗಳು ಡಿಕ್ಕಿ ಹೊಡೆದದ್ದು ಸಣ್ಣದೊಂದು ಸಾಲಿನಲ್ಲಿ. 1989ರ ಸಿ ಮಾನದಂಡದ ಪ್ರಕಾರ ‘ಮೇನ್’ ಫಂಕ್ಷನ್ ಪೂರ್ಣಾಂಕವನ್ನು ಹಿಂದಿರುಗಿಸಬೇಕು. ನಮ್ಮ ಎಷ್ಟೋ ಪುಸ್ತಕಗಳು ‘ವಾಯ್ಡ್ ಮೇನ್’ ಎಂದೇ ಕಲಿಸಿದವು, ಏಕೆಂದರೆ ಕಾಲೇಜಿನ ಲ್ಯಾಬ್‌ನಲ್ಲಿದ್ದದ್ದು ಬೋರ್ಲ್ಯಾಂಡ್ ಕಂಪನಿಯ 1987ರ ಟರ್ಬೊ ಸಿ ಇಲ್ಲವೇ ಅದರ ಸಂತತಿ, ಅದು ಇದಕ್ಕೆ ತಕರಾರು ಮಾಡುತ್ತಿರಲಿಲ್ಲ. ಪರೀಕ್ಷಕರಿಗೂ ಅದೇ ರೂಢಿ. ಪರೀಕ್ಷೆಯಲ್ಲಿ ಅಂಕ ತಂದ ಸಾಲು ಕೆಲಸದ ಮೊದಲ ಕೋಡ್ ರಿವ್ಯೂನಲ್ಲಿ ನಗೆಪಾಟಲಾಯಿತು. ನಿನ್ನೆಯವರೆಗೆ ನಂಬಿದ್ದ ಪ್ರಕಾಶಕರನ್ನು ಹುಡುಗ ಅಂದಿನಿಂದ ಹೀಗಳೆಯತೊಡಗಿದ. ಪ್ರಕಾಶಕರು ಬದಲಾಗಿರಲಿಲ್ಲ, ಅವರಿಂದ ಅವನು ಬಯಸುತ್ತಿದ್ದದ್ದು ಬದಲಾಗಿತ್ತು.

2001ರಲ್ಲಿ ಓರೈಲಿ ಮತ್ತು ಪಿಯರ್ಸನ್ ಕೂಡಿ ಸಫಾರಿ ಎಂಬ ಚಂದಾ ಗ್ರಂಥಾಲಯ ತೆರೆದವು. 2017ರಲ್ಲಿ ಓರೈಲಿ ತನ್ನ ತಾಣದಲ್ಲಿ ಬಿಡಿ ಪುಸ್ತಕ ಮಾರುವುದನ್ನೇ ನಿಲ್ಲಿಸಿತು. ಕಂಪನಿ ಚಂದಾ ಕಟ್ಟಿದ ಕಡೆ ಉದ್ಯೋಗಿಯ ತೆರೆಯ ಮೇಲೆ ಓರೈಲಿ, ಅಡಿಸನ್-ವೆಸ್ಲಿ, ಪ್ಯಾಕ್ಟ್, ಮ್ಯಾನಿಂಗ್ ಎಲ್ಲವೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಹಿಡಿಸದಿದ್ದರೆ ಮುಚ್ಚಿದರಾಯಿತು, ಅವನ ಜೇಬಿಗೆ ನಷ್ಟವಿಲ್ಲ. ಎಬಿಸಿಯಲ್ಲಿ ಹಾಗಲ್ಲ. ವಿಟಿಯು ‘ಸ್ಕೀಮ್’ ಬದಲಿಸುವಂತೆ ಪುಣೆ ವಿಶ್ವವಿದ್ಯಾಲಯ ‘ಪ್ಯಾಟರ್ನ್’ ಬದಲಿಸುತ್ತದೆ, ಬದಲಿಸಿದಾಗ ಹಳೆಯ ಆವೃತ್ತಿ ರದ್ದಿಗೆ ಹೋಗುತ್ತದೆ. ಸ್ವಂತ ದುಡ್ಡು ಹಾಕುವ ವಿದ್ಯಾರ್ಥಿ ಮುಖಪುಟದಲ್ಲಿ 2019 ಇದೆಯೋ 2024 ಇದೆಯೋ ಎಂದು ಮೊದಲು ನೋಡುತ್ತಾನೆ, ಆಮೇಲೆ ಪ್ರಕಾಶಕರು ಯಾರೆಂದು ನೋಡುತ್ತಾನೆ.