ಗರ್ಟ್ ಮತ್ತು ಡೇಸಿಯರ ಅಡುಗೆಮನೆ

1940ನೆಯ ಇಸವಿಯ ಜನವರಿ 8ರಂದು ಇಂಗ್ಲೆಂಡಿನ ಗೃಹಿಣಿಗೆ ತಲೆಯೊಂದಕ್ಕೆ ವಾರಕ್ಕೆ 4 ಔನ್ಸ್ ಬೆಣ್ಣೆ, 12 ಔನ್ಸ್ ಸಕ್ಕರೆಯೆಂದು ನಿಗದಿಯಾಗಿ, ಅದೇ ವರ್ಷದ ಜುಲೈಯಲ್ಲಿ ಆ ಜನಕ್ಕೆ ಪ್ರಾಣಸಮಾನವಾದ ಚಹಾಪುಡಿಯೂ 2 ಔನ್ಸಿಗೆ ಇಳಿದಾಗ, ಸಮುದ್ರದಾಚೆಯ ವಾರ್ತೆಯಾಗಿದ್ದ ಯುದ್ಧವು ಒಲೆಯ ಮುಂದೆ ಬಂದು ಕುಳಿತಿತು.

ಇದ್ದುದರಲ್ಲಿ ಸಂಸಾರ ತೂಗಿಸುವ ಬಗೆಯನ್ನು ಬೋಧಿಸಲು ಆಹಾರ ಸಚಿವಾಲಯವು ಬಿ.ಬಿ.ಸಿ.ಯೊಡನೆ ಕೂಡಿ ಪ್ರತಿದಿನ ಬೆಳಗಿನ ವಾರ್ತೆಯಾದೊಡನೆ 'ಕಿಚನ್ ಫ್ರಂಟ್' ಎಂಬ ಐದು ನಿಮಿಷಗಳ ಪ್ರಸಾರವನ್ನು ಆರಂಭಿಸಿತು. ಉಪದೇಶವೆಂಬುದು ಬೆಣ್ಣೆಯಿಲ್ಲದ ರೊಟ್ಟಿಗಿಂತಲೂ ಒಣಗಿದ ಪದಾರ್ಥ. ಅದು ಗಂಟಲಿಗಿಳಿದುದು ಎಲ್ಸಿ ಮತ್ತು ಡೋರಿಸ್ ವಾಟರ್ಸ್ ಎಂಬ ಅಕ್ಕತಂಗಿಯರು ಗರ್ಟ್ ಮತ್ತು ಡೇಸಿಯರಾಗಿ ಮಾತಿಗೆ ತೊಡಗಿದ ಮೇಲೆ. ಪೂರ್ವ ಲಂಡನ್ನಿನ ಕೂಲಿಕಾರರ ಕೇರಿಯ ನುಡಿಯಲ್ಲಿ, ನಮ್ಮಲ್ಲಿ ಕೊಳಾಯಿಯ ಬಳಿ ಕೊಡ ತುಂಬುವವರೆಗೆ ಊರ ಗಂಡಂದಿರ ಗುಣದೋಷಗಳೆಲ್ಲ ವಿಚಾರಣೆಗೆ ಬರುವಂತೆ, ಅವರು ಹರಟುತ್ತಿದ್ದರು. ಡೇಸಿಯ ಗಂಡ ಬರ್ಟ್, ಗರ್ಟಳ ನಿಶ್ಚಿತವರ ವಾಲಿ ಇವರಿಬ್ಬರ ಪ್ರಸಂಗಗಳ ನಡುವೆ ಆಲೂಗೆಡ್ಡೆಯ ಪಾಕವೂ ಹೇಗೋ ನುಸುಳಿ ಶ್ರೋತೃಗಳ ಕಿವಿಗೆ ಬೀಳುತ್ತಿತ್ತು.

ರಾಬ್ ವಿಲ್ಟನ್ ಎಂಬ ವಿನೋದಗಾರನದು ಇದರ ಮರುಮುಖ. ದೇಶರಕ್ಷಣೆಗೆಂದು ಹೋಂ ಗಾರ್ಡ್ ಸೇರಿದ ನಡುವಯಸ್ಸಿನ ಗಂಡನ ಶೌರ್ಯವೆಲ್ಲ ಹೆಂಡತಿಯ ಒಂದೊಂದೇ ಸಾಧಾರಣ ಪ್ರಶ್ನೆಗೆ ಕುಗ್ಗುತ್ತ ಹೋಗುವುದನ್ನು ಅವನು ತಡವರಿಸುವ ದನಿಯಲ್ಲಿ ಹೇಳುವನು. ಹಿಟ್ಲರನನ್ನು ತಡೆಯಬಲ್ಲವನೂ ಮಡದಿಯ ಮುಂದೆ ನಿರುತ್ತರನೆ!

ಶತ್ರುವನ್ನು ಹಳಿದು ನಗಿಸುವುದು ಎಲ್ಲ ಯುದ್ಧಗಳಲ್ಲಿಯೂ ಉಂಟು. ಅದು ಸುಲಭವೂ ಹೌದು. ಈ ಮೂವರ ಹಾಸ್ಯವು ಮನೆಯವರನ್ನೇ ಗುರಿಮಾಡಿಕೊಂಡಿತು, ಮತ್ತು ಗೊಣಗುವ ಹಕ್ಕನ್ನು ಜನರಿಗೆ ಉಳಿಸಿಕೊಟ್ಟಿತು. ಮಾಂಸದ ಸೋಂಕಿಲ್ಲದೆ ಗಜ್ಜರಿ, ಆಲೂಗೆಡ್ಡೆ, ಹೂಕೋಸುಗಳಿಂದ ಮಾಡಿದ 'ಪೈ'ಗೆ ಆಹಾರಸಚಿವ ಲಾರ್ಡ್ ವುಲ್ಟನ್ನರ ಹೆಸರೇ ಅಂಟಿಕೊಂಡು ಲೋಕದ ಪರಿಹಾಸಕ್ಕೆ ಪಾತ್ರವಾಯಿತು. ಮಂತ್ರಿಯ ಹೆಸರನ್ನು ಬಡಿಸಿಕೊಂಡು ನಗಬಹುದಾದ ನಾಡಿನಲ್ಲಿ ಕೂಪನ್ನಿನ ಕಟ್ಟಳೆಯೂ ತಕ್ಕಮಟ್ಟಿಗೆ ಸಹ್ಯವಾಗುವುದೆಂದು ನನ್ನ ಎಣಿಕೆ. ಆದರೆ ಮಗನನ್ನು ಕಳೆದುಕೊಂಡ ಮನೆಗೂ ಈ ನಗೆಯೇ ಮದ್ದಾಯಿತೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ.

ಯುದ್ಧವು 1945ರಲ್ಲಿ ಮುಗಿಯಿತು. ಯುದ್ಧಕಾಲದಲ್ಲಿ ಒಂದು ದಿನವೂ ರೇಷನ್ನಿಗೆ ಒಳಪಡದಿದ್ದ ಬ್ರೆಡ್ಡು, ಶಾಂತಿ ಬಂದ ಮರುವರ್ಷ, 1946ರ ಜುಲೈಯಲ್ಲಿ, ರೇಷನ್ನಿಗೆ ಬಂದಿತು.