ಒಂದೇ ನೋವಿಗೆ ಎರಡು ಹೆಗಲು: ಪಂಡಿತಾ ರಮಾಬಾಯಿ, ಪುಣೆಯ ಮಿಷನ್ ಸೇವೆ ಮತ್ತು ಶಾಂತಿಯ ಪ್ರಶ್ನೆ

1893ರಲ್ಲಿ ಪುಣೆಯಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ಸಂಗತಿಗಳು ನಡೆದವು. ಮಾರ್ಚ್ ತಿಂಗಳಲ್ಲಿ ಫರ್ಗ್ಯುಸನ್ ಕಾಲೇಜಿನ ಗಣಿತದ ಅಧ್ಯಾಪಕ ಧೋಂಡೋ ಕೇಶವ ಕರ್ವೆ ಅವರು ಗೋದೂಬಾಯಿ ಎಂಬ ವಿಧವೆಯನ್ನು ಮದುವೆಯಾದರು. ಪಂಡಿತಾ ರಮಾಬಾಯಿಯವರು ಹೆಣ್ಣುಮಕ್ಕಳಿಗಾಗಿ ನಡೆಸುತ್ತಿದ್ದ ವಸತಿಶಾಲೆ ಶಾರದಾ ಸದನಕ್ಕೆ ಸೇರಿದ ಮೊದಲ ವಿಧವೆ ಈ ಗೋದೂಬಾಯಿ. ಅದೇ ವರ್ಷದ ಮಳೆಗಾಲದಲ್ಲಿ ಆ ಸದನದ ಸಲಹಾ ಸಮಿತಿಯಿಂದ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರಕರ್ ಅವರಂಥ ಸುಧಾರಕರು ಹೊರಬಂದರು. ಹುಡುಗಿಯರನ್ನು ಕ್ರೈಸ್ತ ಮತದತ್ತ ಒಲಿಸಲಾಗುತ್ತಿದೆ ಎಂಬುದು ಅವರ ದೂರು. ಇಪ್ಪತ್ತೈದರಷ್ಟು ಹುಡುಗಿಯರನ್ನು ಮನೆಯವರು ಬಂದು ಕರೆದೊಯ್ದರು. ಹೀಗೆ ಒಂದೇ ಮನೆಯಿಂದ ಒಂದು ಬೆಸುಗೆಯೂ ಒಂದು ಬಿರುಕೂ ಹುಟ್ಟಿದವು. ಕ್ರೈಸ್ತ ಮಿಷನ್ ಸೇವೆಯನ್ನು ಶಾಂತಿಯ ಕೆಲಸವೆಂದು ಹೊಗಳುವವರು ಬೆಸುಗೆಯನ್ನಷ್ಟೇ ನೋಡುತ್ತಾರೆ. ಸಮಾಜದ ನೆಮ್ಮದಿ ಕೆಡಿಸಿದ ಕೆಲಸವೆಂದು ತೆಗಳುವವರು ಬಿರುಕನ್ನಷ್ಟೇ ನೋಡುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಬೇರೊಂದು ಅರ್ಥ ಹೊಳೆಯುತ್ತದೆ ಎಂಬುದು ಈ ಲೇಖನದ ಮಂಡನೆ. ಪುಣೆಯಲ್ಲಿ ಸಮುದಾಯಗಳ ನಡುವೆ ಉಳಿದುಬಂದ ಶಾಂತಿಯು ಮತಗಳ ಸಂವಾದದಿಂದಾಗಲಿ ಸಂಧಾನದಿಂದಾಗಲಿ ಬಂದದ್ದಲ್ಲ. ಪರಸ್ಪರ ಒಪ್ಪದವರು ಒಂದೇ ನೋವಿಗೆ ತಾವೂ ಹೊಣೆ ಎಂದು ಹೆಗಲು ಕೊಟ್ಟಾಗ ಅದು ಬಂತು.

ರಮಾಬಾಯಿಯವರ ಕಥೆ ಪುಣೆಗೆ ಸೇರಿದಷ್ಟೇ ಕನ್ನಡ ನಾಡಿಗೂ ಸೇರಿದ್ದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದ ಚಿತ್ಪಾವನ ಮನೆತನದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ವಿರೋಧ ಎದುರಿಸಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆ ಮಾಡಿಕೊಂಡವರು. 1858ರ ಏಪ್ರಿಲ್‌ನಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿಯೇ. ಆಮೇಲೆ ಕುಟುಂಬ ಪುರಾಣ ಹೇಳುತ್ತಾ ಊರೂರು ಅಲೆಯಿತು. 1870ರ ದಶಕದ ಕ್ಷಾಮದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದ ಅಣ್ಣನ ಜೊತೆ ಕಲ್ಕತ್ತೆಗೆ ಬಂದ ಈ ಯುವತಿಯ ಶಾಸ್ತ್ರಜ್ಞಾನ ಕಂಡು ಅಲ್ಲಿನ ವಿದ್ವಾಂಸರು 1878ರಲ್ಲಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಬಂಗಾಳದ ಬಿಪಿನ್ ಬಿಹಾರಿ ಮೇಧಾವಿಯವರೊಂದಿಗೆ ಆದ ಜಾತಿ ಮೀರಿದ ಮದುವೆ, ಎರಡೇ ವರ್ಷದೊಳಗೆ ವೈಧವ್ಯ, ಕೈಯಲ್ಲಿ ಮಗಳು ಮನೋರಮಾ: ಇಷ್ಟರೊಂದಿಗೆ 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಹಸಿವು ಮತ್ತು ವೈಧವ್ಯ ಎರಡನ್ನೂ ಅವರು ಕ್ರೈಸ್ತರಾಗುವ ಮೊದಲೇ ಉಂಡಿದ್ದರು ಎಂಬ ಈ ಕಾಲಕ್ರಮ ವಾದಕ್ಕೆ ಮುಖ್ಯ. ಮಿಷನ್ ಅವರಿಗೆ ನೋವನ್ನು ತೋರಿಸಿಕೊಡಲಿಲ್ಲ; ಗೊತ್ತಿದ್ದ ನೋವಿಗೆ ಸಂಸ್ಥೆಯ ರೂಪ ಕೊಡುವ ದಾರಿಯಾಯಿತು.

ಆ ರೂಪಕ್ಕೆ ಬೇಕಾದ ಹಣ ಬಂದದ್ದು ಹೊರದೇಶದಿಂದ. 1887ರಲ್ಲಿ ಅವರ ಇಂಗ್ಲಿಷ್ ಪುಸ್ತಕ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಅಮೆರಿಕದಲ್ಲಿ ಪ್ರಕಟವಾಯಿತು. ಅದೇ ವರ್ಷದ ಕೊನೆಗೆ ಬಾಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿಕೊಂಡು, ಹತ್ತು ವರ್ಷ ನೆರವು ನೀಡುವ ಮಾತು ಕೊಟ್ಟಿತು. ಬೇರೆ ಬೇರೆ ಕ್ರೈಸ್ತ ಪಂಥಗಳವರು ಕೂಡಿದ್ದ ಆ ಸಂಘ ಶಾಲೆಯಲ್ಲಿ ಮತಬೋಧನೆ ಇರಕೂಡದೆಂದು ಒಪ್ಪಿಕೊಂಡಿತ್ತು. 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಶುರುವಾದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಅಲ್ಲಿ ಬ್ರಾಹ್ಮಣ ಹುಡುಗಿಯರು ತಮ್ಮ ಮಡಿ, ಊಟ, ವ್ರತಗಳ ಕ್ರಮ ಬಿಡಬೇಕಾಗಿರಲಿಲ್ಲ. ಆದರೆ ಗ್ರಂಥಾಲಯದಲ್ಲಿ ಹಿಂದೂ ಗ್ರಂಥಗಳ ಜೊತೆ ಬೈಬಲ್ ಸಹ ಇತ್ತು. ಬೆಳಿಗ್ಗೆ ರಮಾಬಾಯಿ ಮಗಳೊಡನೆ ಪ್ರಾರ್ಥಿಸುವಾಗ ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಬರುವವರು ಬರಬಹುದಿತ್ತು, ಕೆಲವರು ಬಂದರು. ಅವರ ಲೆಕ್ಕದಲ್ಲಿ ಇದು ತನ್ನ ಮನೆಯಲ್ಲಿ ತನ್ನ ಶ್ರದ್ಧೆಯನ್ನು ಬಚ್ಚಿಡದೆ ಬದುಕುವ ಸ್ವಾತಂತ್ರ್ಯ. ಮಕ್ಕಳನ್ನು ಒಪ್ಪಿಸಿದವರ ಲೆಕ್ಕದಲ್ಲಿ ಇದು ಕೊಟ್ಟ ಮಾತಿನ ಭಂಗ. ಕೇಸರಿ ಪತ್ರಿಕೆಯಲ್ಲಿ ತಿಲಕರು ಈ ಎರಡನೆಯ ಲೆಕ್ಕವನ್ನು ಕಟುವಾಗಿ ಮಂಡಿಸುತ್ತಾ ಬಂದರು. ಸಾಕ್ಷ್ಯವನ್ನು ತೂಗಿ ನೋಡಿದರೆ ಒತ್ತಾಯದ ಮತಾಂತರ ನಡೆಯಿತೆನ್ನಲು ಆಧಾರವಿಲ್ಲ. ಆದರೂ ಆತಂಕ ಸುಳ್ಳಾಗಿರಲಿಲ್ಲ: ಹುಡುಗಿ ತನ್ನನ್ನು ಕಾಪಾಡಿದ ಕೈಯನ್ನೇ ನೋಡುತ್ತಾಳೆ; ಆ ಕೈ ಮುಗಿಯುವ ದೇವರತ್ತ ಅವಳ ಕಣ್ಣು ಹೊರಳುವುದು ಸಹಜ. ಹೇಳಿದ ನಿಯಮ ತಟಸ್ಥವಾಗಿದ್ದರೂ ಬದುಕಿದ ರೀತಿ ತಟಸ್ಥವಾಗಿರಲು ಸಾಧ್ಯವಿಲ್ಲದಲ್ಲಿ ನಂಬಿಕೆ ಮುರಿಯುತ್ತದೆ. 1893ರ ಮೊದಲ ಪಾಠ ಇದು.

ಇಲ್ಲಿ ಮೊದಲ ಪೂರ್ವಪಕ್ಷ ಎದುರಾಗುತ್ತದೆ: ಮತಾಂತರವೇ ಶಾಂತಿಭಂಗದ ಮೂಲವಾಗಿರುವಾಗ ಅದನ್ನು ಹೊತ್ತ ಮಿಷನ್ ಶಾಂತಿಯನ್ನು ಹೇಗೆ ಕಟ್ಟೀತು? ಕನ್ನಡ ಕರಾವಳಿಯಲ್ಲೂ ಈ ಪ್ರಶ್ನೆ ಹಳೆಯದು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಹತ್ತು ವರ್ಷಗಳ ಬಳಿಕ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ವಿದ್ಯಾರ್ಥಿಗೆ ದೀಕ್ಷಾಸ್ನಾನ ಕೊಟ್ಟಾಗ ಊರು ಕುದಿದಿತ್ತು. ಆಕ್ಷೇಪದಲ್ಲಿ ಸತ್ಯಾಂಶವಿದೆ; ಆದರೆ ಅದು ಮೊದಲೇ ಶಾಂತಿಯೊಂದು ಇತ್ತೆಂದು ಊಹಿಸಿಕೊಳ್ಳುತ್ತದೆ. ತಲೆ ಬೋಳಿಸಿ, ಹಿತ್ತಲ ಕೋಣೆಯಲ್ಲಿ ಕೂರಿಸಿದ ಬಾಲವಿಧವೆಯ ಮೌನವನ್ನು ಶಾಂತಿ ಎಂದು ಕರೆಯಬೇಕಾದರೆ ಅವಳ ನೋವನ್ನು ಲೆಕ್ಕದಿಂದ ಬಿಡಬೇಕಾಗುತ್ತದೆ. ಅಷ್ಟೇ ಅಲ್ಲ, ನೊಂದ ಸಮಾಜದ ಧ್ವನಿ ಒಂದೇ ಆಗಿರಲಿಲ್ಲ. ಪುಣೆಯ ಜೋತಿರಾವ್ ಫುಲೆ 1885ರ ‘ಸತ್ಸಾರ’ದಲ್ಲಿ ರಮಾಬಾಯಿಯವರ ಪರ ನಿಂತರು. ಜಾತಿ ಮತ್ತು ಪುರೋಹಿತಶಾಹಿಯ ಭಾರ ಹೊತ್ತವರ ಕಡೆಯಿಂದ ನೋಡಿದವರಿಗೆ ಆ ದೀಕ್ಷೆ ದ್ರೋಹವಾಗಿ ಕಾಣಲಿಲ್ಲ. ಆದ್ದರಿಂದ ಬಿರುಕು ಎರಡು ಮತಗಳ ನಡುವಣದ್ದು ಮಾತ್ರವಲ್ಲ. ಒಂದೇ ಸಮಾಜದ ಒಳಗೆ, ಒಂದೇ ಮನೆಯ ಒಳಗೆ ಮೊದಲೇ ಇತ್ತು. ಶಾರದಾ ಸದನ ಅದನ್ನು ಬೀದಿಗೆ ತಂದಿತು.

ಎರಡನೆಯ ಪೂರ್ವಪಕ್ಷ ವಸಾಹತುಶಾಹಿಯದು: ಮಿಷನ್ ಆಳುವವರ ನೆರಳಿನಲ್ಲಿ ಬೆಳೆದದ್ದು, ಅದರ ಶಾಂತಿ ಆಳುವವರ ಶಾಂತಿ. 1897ರ ಪುಣೆ ಇದಕ್ಕೆ ಉತ್ತರ ಕೊಡುತ್ತದೆ. ಪ್ಲೇಗ್ ಹರಡಿ, ಸರ್ಕಾರದ ಪ್ಲೇಗ್ ಅಧಿಕಾರಿ ಡಬ್ಲ್ಯು. ಸಿ. ರ್‍ಯಾಂಡ್ ಅವರ ಕೈಕೆಳಗೆ ಸೈನಿಕರು ಮನೆಮನೆ ಹೊಕ್ಕು ಶೋಧಿಸುತ್ತಿದ್ದ ದಿನಗಳು ಅವು. ರಮಾಬಾಯಿ ಆ ಮೇ ತಿಂಗಳಲ್ಲಿ ‘ಬಾಂಬೆ ಗಾರ್ಡಿಯನ್’ ಎಂಬ ಕ್ರೈಸ್ತ ಪತ್ರಿಕೆಗೆ ಬರೆದು, ಸರ್ಕಾರಿ ಪ್ಲೇಗ್ ವ್ಯವಸ್ಥೆಯಲ್ಲಿ ಹೆಂಗಸರಿಗೆ ರಕ್ಷಣೆ ಇಲ್ಲವೆಂದೂ ತಮ್ಮ ಸದನದ ಹುಡುಗಿಗೇ ಅನ್ಯಾಯವಾಗಿದೆಯೆಂದೂ ಆರೋಪಿಸಿದರು. ವಿಷಯ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಮುಂಬಯಿ ಗವರ್ನರ್ ಸ್ಯಾಂಡ್‌ಹರ್ಸ್ಟ್ ಆರೋಪ ಅಲ್ಲಗಳೆದರು. ಜೂನ್ 22ರ ರಾತ್ರಿ ಹಾರಿದ ಚಾಪೇಕರ್ ಸಹೋದರರ ಗುಂಡಿಗೆ ರ್‍ಯಾಂಡ್ ಬಲಿಯಾದರು. ಅದೇ ಬೇಸಿಗೆಯಲ್ಲಿ ತಿಲಕರ ಕೇಸರಿಯೂ ಪ್ಲೇಗ್ ಅಧಿಕಾರಿಗಳ ನಡತೆಯನ್ನು ಖಂಡಿಸುತ್ತಿತ್ತು. ನಾಲ್ಕು ವರ್ಷಗಳ ಹಿಂದೆ ಎದುರುಬದುರಾಗಿದ್ದ ಇಬ್ಬರು, ಪರಸ್ಪರ ಮಾತಾಡದೆಯೇ, ಒಂದೇ ಅನ್ಯಾಯಕ್ಕೆ ದನಿ ಎತ್ತಿದ್ದರು. ರಮಾಬಾಯಿ ಚರ್ಚಿನ ಅಧಿಕಾರಕ್ಕೂ ತಲೆಬಾಗಿದವರಲ್ಲ. ಕೊರಳ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತ ಇರಲಿ ಎಂದು ಇಂಗ್ಲೆಂಡಿನ ದಿನಗಳಲ್ಲೇ ವಾದಿಸಿದ್ದರು. 1919ರಲ್ಲಿ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟದ್ದೂ ನಿಜವೇ. ಆದರೆ ಪದಕದ ಕಾಲದಿಂದ ಹಿಂದಕ್ಕೆ ನೋಡಿ 1897ರ ಧೈರ್ಯವನ್ನು ಅಳಿಸುವುದು ಇತಿಹಾಸದ ಕ್ರಮವಾಗದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. 1896-97ರ ಕ್ಷಾಮದಲ್ಲಿ ರಮಾಬಾಯಿ ಮಧ್ಯಪ್ರಾಂತದಿಂದ ನೂರಾರು ಹುಡುಗಿಯರನ್ನು ಕರೆತಂದರು. ಪ್ಲೇಗಿನ ನಿರ್ಬಂಧಗಳಿಂದ ಪುಣೆ ನಗರದಲ್ಲಿ ಅಷ್ಟು ಜನರನ್ನು ಇಡಲಾಗದೆ, ಪೂರ್ವಕ್ಕಿರುವ ಕೇಡಗಾಂವದ ಹೊಲದಲ್ಲಿ ನೆಲೆ ಕೊಟ್ಟರು. ಮುಕ್ತಿ ಸದನ ಬೆಳೆದದ್ದು ಹೀಗೆ. 1900ರ ಗುಜರಾತ್ ಕ್ಷಾಮದ ಬಳಿಕ ಅಲ್ಲಿದ್ದವರ ಸಂಖ್ಯೆ ಒಂದೂವರೆ ಸಾವಿರ ದಾಟಿತು. ಹಸಿದವರಿಗೆ ಅನ್ನದ ಜೊತೆ ಮತವನ್ನೂ ಬಡಿಸಿದರೆ ಅದನ್ನು ಸ್ವಂತ ಆಯ್ಕೆ ಎನ್ನಬಹುದೇ? ಈ ಪ್ರಶ್ನೆಗೆ ಪೂರ್ತಿ ಸಮಾಧಾನದ ಉತ್ತರವಿಲ್ಲ, ಇದೆಯೆಂದು ನಟಿಸುವುದೂ ತಪ್ಪು. ಬೇಡ ಎನ್ನುವ ಬಲವಿಲ್ಲದ ಮಗುವಿನ ಒಪ್ಪಿಗೆಗೆ ದೊಡ್ಡವರ ಒಪ್ಪಿಗೆಯ ತೂಕವಿಲ್ಲ. ಆದರೂ ಎರಡು ಸಂಗತಿಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಒಂದು, ಮುಕ್ತಿ ಸದನ ತನ್ನ ಕ್ರೈಸ್ತ ಗುರುತನ್ನು ಮರೆಮಾಡಲಿಲ್ಲ. 1893ರಲ್ಲಿ ಮುರಿದದ್ದು ತಟಸ್ಥತೆಯ ಮಾತಾದ್ದರಿಂದ, ಆ ಮಾತನ್ನೇ ಇಲ್ಲಿ ಕೊಡಲಿಲ್ಲ. ಇನ್ನೊಂದು, ಅಲ್ಲಿ ಬದುಕಿನ ಕಸುಬು ಕಲಿಸಲಾಯಿತು. ನೇಯ್ಗೆ, ಬೇಸಾಯ, ಹೈನು, ಅಚ್ಚುಮೊಳೆ ಜೋಡಿಸುವುದು, ಮುದ್ರಣ ಎಲ್ಲವನ್ನೂ ಹೆಂಗಸರೇ ಮಾಡಿದರು. ಕುರುಡರಿಗೆ ಬ್ರೈಲ್ ಕಲಿಸಿದರು. ಹೀಬ್ರೂ, ಗ್ರೀಕ್ ಮೂಲಗಳಿಂದ ರಮಾಬಾಯಿ ಮರಾಠಿಗೆ ತಂದ ಬೈಬಲನ್ನು ಅಚ್ಚು ಮಾಡಿದ್ದೂ ಆ ಹೆಂಗಸರೇ. ಕ್ಷಾಮದ ದಾರಿಯಲ್ಲಿ ಸಿಕ್ಕ ಹುಡುಗಿ ಬೇರೆಯವರ ಕೈ ಕಾಯದೆ ಬದುಕುವಂತಾದಾಗ, ಮೊದಲ ದಿನ ಇಲ್ಲದಿದ್ದ ‘ಬೇಡ’ ಎನ್ನುವ ಬಲ ಅವಳಿಗೆ ಸಿಗುವ ದಾರಿ ತೆರೆಯುತ್ತದೆ.

ಈಗ 1893ರ ಮದುವೆಗೆ ಮರಳಬೇಕು. ಕರ್ವೆ 1896ರಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ತೆರೆದರು. ಅದು ನಂತರ ಪುಣೆ ಬಳಿಯ ಹಿಂಗಣೆಗೆ ಹೋಯಿತು, 1916ರಲ್ಲಿ ಅದೇ ಕೆಲಸದ ಮುಂದುವರಿಕೆಯಾಗಿ ಮಹಿಳಾ ವಿಶ್ವವಿದ್ಯಾಲಯ ಹುಟ್ಟಿತು. ಆಶ್ರಮ ಹಿಂದೂ ಸಮಾಜದ ಚೌಕಟ್ಟಿನೊಳಗೇ ಇತ್ತು, ವಿಧವಾ ವಿವಾಹದ ಪ್ರಚಾರವನ್ನೂ ಅಲ್ಲಿಗೆ ತರದಂತೆ ಕರ್ವೆ ಎಚ್ಚರ ವಹಿಸಿದರು. ಶಾರದಾ ಸದನದ ಪೆಟ್ಟಿನಿಂದ ಕಲಿತ ಎಚ್ಚರ ಇದು ಎಂದು ನಾನು ಓದುತ್ತೇನೆ. 1882ರಲ್ಲಿ ರಮಾಬಾಯಿಯವರ ಆರ್ಯ ಮಹಿಳಾ ಸಮಾಜಕ್ಕೆ ಬರುತ್ತಿದ್ದ, ಮಹಾದೇವ ಗೋವಿಂದ ರಾನಡೆಯವರ ಪತ್ನಿ ರಮಾಬಾಯಿ ರಾನಡೆ 1909ರಲ್ಲಿ ಪುಣೆ ಸೇವಾ ಸದನದ ಮುಂದಾಳಾದರು. ಕನ್ನಡ ನೆಲದಲ್ಲೂ ಇದೇ ಹೆಜ್ಜೆಗಳಿವೆ. ಬಾಸೆಲ್ ಮಿಷನ್ನಿನ ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆಗಳನ್ನು ದಶಕಗಳಿಂದ ಕಂಡ ಮಂಗಳೂರಿನಲ್ಲಿ ಬ್ರಹ್ಮಸಮಾಜದ ಕುದ್ಮುಲ್ ರಂಗರಾವ್ 1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ 1906ರಲ್ಲಿ ಮುಂಬಯಿಯಲ್ಲಿ ಅದೇ ಹೆಸರಿನ ಸಂಸ್ಥೆ ತೆರೆದು, ಮುಂದೆ ಪುಣೆಯನ್ನು ಕರ್ಮಭೂಮಿ ಮಾಡಿಕೊಂಡರು. ವಿವೇಕಾನಂದರು ಕಲ್ಕತ್ತೆಯಲ್ಲಿ ರಾಮಕೃಷ್ಣ ಮಿಷನ್ ಸ್ಥಾಪಿಸಿದ್ದು 1897ರಲ್ಲೇ. ‘ಮಿಷನ್’ ಎಂಬ ಶಬ್ದ ಹೀಗೆ ಚರ್ಚಿನ ಅಂಗಳ ದಾಟಿ ನಾಡಿನ ಮಾತಾಯಿತು. ಎದುರಾಳಿಯ ಶಬ್ದವನ್ನು ಯಾರೂ ಸುಮ್ಮನೆ ಎರವಲು ಪಡೆಯುವುದಿಲ್ಲ. ಅದು ಹೊತ್ತ ಕೆಲಸ ಬೇಕೆನಿಸಿದಾಗ ಪಡೆಯುತ್ತಾರೆ.

ಇದು ಪೈಪೋಟಿ, ಶಾಂತಿಯಲ್ಲ ಎಂಬ ಮಾತು ಬರಬಹುದು. ಪೈಪೋಟಿ ಇದ್ದದ್ದು ಹೌದು, ಕಹಿಯೂ ಇತ್ತು. 1895ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ರಮಾಬಾಯಿಯವರ ಕೆಲಸಕ್ಕೆ ನೆರವಾಗುತ್ತಿದ್ದ ರಮಾಬಾಯಿ ಸರ್ಕಲ್‌ನ ಹೆಂಗಸರು ವಿಧವೆಯರ ಸ್ಥಿತಿಯ ಬಗ್ಗೆ ವಿವೇಕಾನಂದರ ಮಾತನ್ನು ಬಹಿರಂಗವಾಗಿ ಅಲ್ಲಗಳೆದರು. ಮನೆಯ ಗಾಯವನ್ನು ಹೊರನಾಡಿನಲ್ಲಿ ಬಿಚ್ಚಿಟ್ಟಿದ್ದಕ್ಕೆ ಇಲ್ಲಿ ನೊಂದವರ ನೋವೂ ಹುಸಿಯಲ್ಲ. ಅಂತೆಯೇ ರಮಾಬಾಯಿ 1889ರ ತಮ್ಮ ಮರಾಠಿ ಪುಸ್ತಕದಲ್ಲಿ ಅಮೆರಿಕದ ವರ್ಣಭೇದವನ್ನೂ ಮೂಲನಿವಾಸಿಗಳಿಗೆ ಆದ ಅನ್ಯಾಯವನ್ನೂ ಮರಾಠಿ ಓದುಗರ ಮುಂದಿಟ್ಟರು ಎಂಬುದನ್ನು ಮರೆಯಬಾರದು. ಪೈಪೋಟಿಯಲ್ಲೂ ಎರಡು ಬಗೆ. ಒಬ್ಬರ ಕೆಲಸ ಕೆಡಿಸುವ ಪೈಪೋಟಿ ಹಗೆ ಬೆಳೆಸುತ್ತದೆ; ಒಬ್ಬರಿಗಿಂತ ಚೆನ್ನಾಗಿ ಮಾಡಿ ತೋರಿಸುವ ಪೈಪೋಟಿ ಕಾಲಕ್ರಮದಲ್ಲಿ ಹಗೆಯ ಕಾರಣವನ್ನೇ ಸವೆಸುತ್ತದೆ. ಹಿಂಗಣೆಯ ಆಶ್ರಮ, ಸೇವಾ ಸದನಗಳು ನಿಂತ ಮೇಲೆ ವಿಧವೆಗೆ ಓದು ಬೇಕಾದರೆ ಒಂದೇ ಬಾಗಿಲು ಎಂಬ ಸ್ಥಿತಿ ಹೋಯಿತು. ಬಾಗಿಲು ಹಲವಾದಾಗ ಯಾವ ಬಾಗಿಲ ಮೇಲೂ ಬಲವಂತದ ಅನುಮಾನ ಮೊದಲಿನಷ್ಟು ಗಾಢವಾಗಿ ಉಳಿಯದು. ಮೂರನೆಯ ಆಕ್ಷೇಪಕ್ಕೂ ನಿಜವಾದ ಪರಿಹಾರ ಇಲ್ಲಿದೆ: ನಿರ್ಗತಿಕಳ ಆಯ್ಕೆ ಸ್ವತಂತ್ರವಾಗುವುದು ಅವಳ ಮುಂದೆ ಒಂದಕ್ಕಿಂತ ಹೆಚ್ಚು ಆಸರೆಗಳಿದ್ದಾಗ.

ರಮಾಬಾಯಿ ತಮ್ಮ ಕೆಲಸವನ್ನು ಕನ್ನಡ ಸೀಮೆಗೂ ತಂದರು. 1912ರಲ್ಲಿ ಆಗಿನ ನಿಜಾಂ ರಾಜ್ಯದ ಗುಲಬರ್ಗಾದಲ್ಲಿ ಶಾಲೆ ತೆರೆದು ಮಗಳು ಮನೋರಮಾಗೆ ಅದರ ಹೊಣೆ ಒಪ್ಪಿಸಿದರು. 1921ರಲ್ಲಿ ಮಗಳು, 1922ರ ಏಪ್ರಿಲ್‌ನಲ್ಲಿ ತಾಯಿ ತೀರಿಕೊಂಡರು. ಇಂದು ಪುಣೆಯ ಪೂರ್ವಕ್ಕೆ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಇದೆ. ವಾಯವ್ಯದ ಅಂಚಿನಲ್ಲಿ, ಹಿಂಜವಡಿಯ ಕಂಪನಿಗಳ ಬೆನ್ನಿಗೆ ಬೆಳೆದ ವಾಕಡದಂಥ ಬಡಾವಣೆಗಳಲ್ಲಿ ಕನ್ನಡ, ಮರಾಠಿ, ಮಲಯಾಳ, ಹಿಂದಿ ಮನೆಗಳು ಒಂದೇ ಗೋಡೆಯ ಆಚೀಚೆ ಬದುಕುತ್ತಿವೆ. ಇಂಥ ಕಡೆ ಚರ್ಚಾಗಲಿ ಮಠವಾಗಲಿ ಸಂಘವಾಗಲಿ ಶಾಂತಿಯ ಕೆಲಸಕ್ಕೆ ಇಳಿದಾಗ ಮೊದಲು ಯೋಚಿಸುವುದು ಸರ್ವಧರ್ಮ ಸಭೆಯನ್ನು. ಸಭೆ ಬೇಡವೆಂದಲ್ಲ. ಆದರೆ ಪುಣೆಯ ಇತಿಹಾಸ ಕಲಿಸುವ ಕ್ರಮ ಬೇರೆ: ನಮ್ಮ ನಡುವೆ ಯಾರ ನೋವಿಗೆ ಒಂದೇ ಬಾಗಿಲಿದೆ ಎಂದು ಮೊದಲು ಹುಡುಕಬೇಕು, ತನ್ನ ಗುರುತನ್ನು ಬಚ್ಚಿಡದೆ ಆ ಬಾಗಿಲು ತೆರೆಯಬೇಕು, ಪಕ್ಕದವರು ಎರಡನೆಯ ಬಾಗಿಲು ತೆರೆದಾಗ ಅದನ್ನು ಸೋಲೆಂದು ಎಣಿಸಬಾರದು. ರಾನಡೆಯವರು ಸದನವನ್ನು ಬಿಟ್ಟುಹೋದ ಹದಿನಾರು ವರ್ಷಗಳ ಮೇಲೆ ಅವರ ಪತ್ನಿ ಸೇವಾ ಸದನ ಕಟ್ಟಿದರು. ಬಿರುಕು ಬಿಟ್ಟ ಮನೆತನದಲ್ಲೇ ಕೆಲಸ ಮರಳಿ ಮೊಳೆತ ಈ ಹದಿನಾರು ವರ್ಷಗಳ ತಾಳ್ಮೆಯನ್ನು ಶಾಂತಿಯ ಇತಿಹಾಸ ಎಂದು ನಾವು ಓದಬೇಕಾಗಿದೆ.