ಕಾನ್ಚೆರ್ಟೊ

ಕಾನ್ಚೆರ್ಟೊ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಂದು ಕೃತಿಪ್ರಕಾರ. ಪಿಯಾನೊ, ವಯೊಲಿನ್ ಮೊದಲಾದ ಒಂದು ವಾದ್ಯಕ್ಕೆ ಪ್ರಾಧಾನ್ಯವಿತ್ತು, ಅದನ್ನು ಆರ್ಕೆಸ್ಟ್ರಾದೊಡನೆ ನುಡಿಸಲೆಂದು ರಚಿಸಿದ ಕೃತಿಗೆ ಇಂದು ಸಾಮಾನ್ಯವಾಗಿ ಈ ಹೆಸರಿದೆ. ಪದವು ಇಟಾಲಿಯನ್ ಭಾಷೆಯದು. ಅದರ ಮೂಲಾರ್ಥ 'ಹೊಂದಾಣಿಕೆ'ಯೋ 'ಸ್ಪರ್ಧೆ'ಯೋ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ.

ವ್ಯುತ್ಪತ್ತಿ

ಇಟಾಲಿಯನ್ನಿನ 'ಕಾನ್ಚೆರ್ಟಾರೆ' ಎಂಬ ಕ್ರಿಯಾಪದಕ್ಕೆ ಒಮ್ಮತಕ್ಕೆ ಬರು, ಜೊತೆಗೂಡಿಸಿ ಅಣಿಗೊಳಿಸು ಎಂಬ ಅರ್ಥಗಳಿವೆ. ಅದೇ ಲ್ಯಾಟಿನ್ನಿನಲ್ಲಿ 'ಕೊನ್ಕೆರ್ತಾರೆ' ಎಂದರೆ ವಾದಿಸು, ಸೆಣಸು. 17ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸಂಗೀತಜ್ಞ ಮಿಖಾಯೆಲ್ ಪ್ರೆಟೋರಿಯಸ್ ಈ ಎರಡನೆಯ ಅರ್ಥವನ್ನು ಮುಂದಿಟ್ಟನು. 'ಹೆಣೆ, ಜೋಡಿಸು' ಎಂಬ ಅರ್ಥದ 'ಕೊನ್ಸೆರೆರೆ' ಎಂಬ ಇನ್ನೊಂದು ಲ್ಯಾಟಿನ್ ಪದವೇ ಮೂಲವೆಂಬ ಅಭಿಪ್ರಾಯವೂ ಉಂಟು.

ಅರ್ಥವಿಕಾಸ

ಪದದ ಆರಂಭಿಕ ಬಳಕೆಯು ಮೊದಲನೆಯ ಅರ್ಥಕ್ಕೆ ಹತ್ತಿರವಾಗಿದೆ. 1587ರಲ್ಲಿ ವೆನಿಸ್‌ನಲ್ಲಿ ಪ್ರಕಟವಾದ ಆಂದ್ರೆಯಾ ಮತ್ತು ಜೊವಾನ್ನಿ ಗಾಬ್ರಿಯೆಲಿ ಅವರ 'ಕಾನ್ಚೆರ್ಟಿ' ಸಂಕಲನದಲ್ಲಿರುವುದು ಕಂಠಗಳೂ ವಾದ್ಯಗಳೂ ಒಟ್ಟಾಗಿ ನಿರೂಪಿಸುವ ಸಂಗೀತ. 1602ರಲ್ಲಿ ವಿಯಾದಾನ ಪ್ರಕಟಿಸಿದ ನೂರು ಚರ್ಚ್ ಕಾನ್ಚೆರ್ಟೊಗಳು ಆರ್ಗನ್ ಆಧಾರದ ಮೇಲೆ ಕೆಲವೇ ಕಂಠಗಳು ಹಾಡುವಂಥವು. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಪದವು ವಾದ್ಯಸಂಗೀತದತ್ತ ಹೊರಳಿತು. 1714ರಲ್ಲಿ ಮುದ್ರಣಗೊಂಡ ಕೊರೆಲ್ಲಿಯ ಕೃತಿಗಳಲ್ಲಿ ಚಿಕ್ಕ ವಾದ್ಯಗುಂಪೊಂದು ಪೂರ್ಣ ವೃಂದಕ್ಕೆ ಎದುರಾಗಿ ನಿಲ್ಲುತ್ತದೆ. ವಿವಾಲ್ಡಿಯು 1711ರಲ್ಲಿ ಪ್ರಕಟಿಸಿದ ಹನ್ನೆರಡು ಕಾನ್ಚೆರ್ಟೊಗಳಲ್ಲಿ ಕೆಲವು ಒಂದೇ ವಯೊಲಿನ್ನಿಗೆ ಮೀಸಲಾಗಿವೆ. ಹೀಗೆ ಒಬ್ಬ ವಾದಕ ವೃಂದಕ್ಕೆ ಎದುರಾದ ಮೇಲೆಯೇ 'ಸ್ಪರ್ಧೆ' ಎಂಬ ವಿವರಣೆ ಸಹಜವೆನಿಸತೊಡಗಿತು.

ಇತರ ಭಾಷೆಗಳಲ್ಲಿ

ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳು ಕಾರ್ಯಕ್ರಮಕ್ಕೂ ಕೃತಿಗೂ ಬೇರೆಬೇರೆ ಪದಗಳನ್ನು ಬಳಸುತ್ತವೆ. ಆದರೂ 1722ರಲ್ಲಿ ಪ್ರಕಟವಾದ ಕೂಪ್ರ್ಯಾನ ರಾಜಾಸ್ಥಾನದ 'ಕಾನ್ಸೇರ್'ಗಳು ಇಂದಿನ ಅರ್ಥದ ಕಾನ್ಚೆರ್ಟೊಗಳಲ್ಲ; ಅವು ಕೆಲವೇ ವಾದ್ಯಗಳಿಗಾಗಿ ರಚಿಸಿದ ನೃತ್ಯಗತಿಗಳ ಮಾಲೆಗಳು. ಇಟಾಲಿಯನ್, ಜರ್ಮನ್, ಸ್ಪ್ಯಾನಿಷ್ ಮತ್ತು ರಷ್ಯನ್ ಭಾಷೆಗಳಲ್ಲಿ ಎರಡಕ್ಕೂ ಒಂದೇ ಪದ. ಅರ್ಥವನ್ನು ಸಂದರ್ಭದಿಂದಲೇ ತಿಳಿಯಬೇಕು. ರಷ್ಯನ್ನಿನಲ್ಲಿ ವಾದ್ಯಗಳಿಲ್ಲದ ಧಾರ್ಮಿಕ ವೃಂದಗಾಯನದ ಒಂದು ಪ್ರಕಾರಕ್ಕೂ ಇದೇ ಹೆಸರು. ಹಂಗೇರಿಯನ್ ಭಾಷೆ ಮಾತ್ರ 'ವೆರ್ಶೆಂಜ್‌ಮ್ಯೂ', ಅಂದರೆ 'ಸ್ಪರ್ಧಾಕೃತಿ', ಎಂಬ ಸ್ವಂತ ಪದವನ್ನು ರೂಪಿಸಿಕೊಂಡು ಸೆಣಸಾಟದ ಅರ್ಥವನ್ನೇ ಉಳಿಸಿಕೊಂಡಿದೆ.

ಕನ್ನಡದಲ್ಲಿ ಕಾರ್ಯಕ್ರಮವನ್ನು ಸೂಚಿಸಲು 'ಸಂಗೀತ ಕಚೇರಿ' ಎಂಬ ಮಾತು ರೂಢಿಯಲ್ಲಿದೆ. ಆದ್ದರಿಂದ 'ಕಾನ್ಚೆರ್ಟೊ' ಎಂಬುದನ್ನು ಕೃತಿಪ್ರಕಾರಕ್ಕೆ ಮಾತ್ರ ಬಳಸಿದರೆ ಗೊಂದಲ ತಪ್ಪುತ್ತದೆ.